ಆವಿಯೋ, ದೂಳೋ

ಗಾಳಿಯಲ್ಲಿರುವ ಪಾದರಸವನ್ನು ಅಳೆಯುವುದು ನನ್ನ ಕೆಲಸ. ದೊಡ್ಡನೆಕ್ಕುಂದಿಯ ಒಂದು ಕಟ್ಟಡದ ತಾರಸಿಯ ಮೇಲೆ ನಮ್ಮ ಯಂತ್ರವಿದೆ. ಎಷ್ಟಿದೆ ಅಂತ ಹೇಳಿದರೆ ಸಾಲದು, ಯಾವ ರೂಪದಲ್ಲಿದೆ ಅಂತಲೂ ಹೇಳಬೇಕು. ಆವಿಯನ್ನು ಯಂತ್ರದೊಳಗಿನ ಚಿನ್ನ ಹಿಡಿಯುತ್ತದೆ, ಉಪ್ಪಿನ ರೂಪದಲ್ಲಿರುವುದನ್ನು ಲೇಪ ಹಚ್ಚಿದ ಗಾಜಿನ ಕೊಳವೆ ಹಿಡಿಯುತ್ತದೆ, ದೂಳಿಗೆ ಅಂಟಿದ್ದು ಸೋಸುಕಾಗದದಲ್ಲಿ ಉಳಿಯುತ್ತದೆ. ಜೊತೆಗೆ, ಗಾಳಿಯನ್ನೇ ಹಾಯಿಸದ ಒಂದು ಖಾಲಿ ಕೊಳವೆಯನ್ನೂ ಪರೀಕ್ಷಿಸುತ್ತೇವೆ. ಅದರಲ್ಲಿ ಏನೂ ಸಿಗಬಾರದು. ನಾನು ಮುಟ್ಟಿದ ದಿನ ಮಾತ್ರ ಸಿಗುತ್ತಿತ್ತು.

"ಏನ್ರೀ, ಕೈ ತೊಳ್ಕೊಂಡು ಬರ್ತೀರೋ ಇಲ್ವೋ?" ಅಂದರು ನಮ್ಮ ಮೇಲಧಿಕಾರಿ, ಎಲ್ಲರೆದುರಿಗೆ. ಮೈಯೆಲ್ಲ ಉರಿಯಿತು. ಬಳೆ ತೆಗೆದಿಟ್ಟೆ, ಸೋಪು ಬದಲಾಯಿಸಿದೆ. ಕಡೆಗೆ ನನ್ನ ದುಪಟ್ಟಾವನ್ನೇ ಒಂದು ಚೀಲದೊಳಗಿಟ್ಟು ಆ ಗಾಳಿಯನ್ನು ಅಳೆದೆ. ಅದರಲ್ಲೇ ಇತ್ತು; ಪಾದರಸ ನನ್ನ ಮನೆಯಿಂದ ಬರುತ್ತಿತ್ತು.

ಮರ್ಫಿ ಟೌನಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪ ದೇವರ ಕವಚಗಳಿಗೆ ಚಿನ್ನದ ಮುಲಾಮು ಹಾಕುತ್ತಿದ್ದರು. ಚಿನ್ನವನ್ನು ಪಾದರಸದಲ್ಲಿ ಅರೆದು, ಬೆಳ್ಳಿಗೆ ಸವರಿ, ಕೆಂಡದ ಮೇಲೆ ಹಿಡಿದರೆ ಪಾದರಸ ಹಾರಿಹೋಗಿ ಚಿನ್ನ ಕೂರುತ್ತದೆ. ಕೆಂಡ ಊದುತ್ತಿದ್ದವಳು ಅಮ್ಮ. ಎರಡು ವರ್ಷದಿಂದ ಅವಳ ಕೈ ನಡುಗುತ್ತಿತ್ತು. ವಯಸ್ಸಾಯಿತು ಅಂದುಕೊಂಡಿದ್ದೆವು. ಊರ ಗಾಳಿ ಅಳೆಯುವವಳು ನಾನು! ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ನನಗೆಂದೇ ಹೇಳಿ ಮಾಡಿಸಿದ ಮಾತು. ಅವಳು ಟೀ ಚೆಲ್ಲಿದಾಗ ಗದರಿದ್ದೆ ಕೂಡ. ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಡಾಕ್ಟರು ಅಮ್ಮನಿಗೆ ಪರೀಕ್ಷೆ ಮಾಡಿಸಿ ಅಪ್ಪನನ್ನೂ ನನ್ನನ್ನೂ ಮಾತ್ರ ಒಳಗೆ ಕರೆದರು. ಪಾದರಸ ಮೈಗೆ ಸೇರಿದೆ, ನಡುಕ ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ ಅಂದರು.

ದಾರಿಯಲ್ಲಿ ಅಪ್ಪ ಅಮ್ಮನಿಗೆ ಕೇಳಿಸದಂತೆ ನನ್ನನ್ನು ಕೇಳಿದರು, "ರಸ್ತೆ ದೂಳಲ್ಲಿ ಬಂದಿರಬಹುದಲ್ವಾ ಮಗಳೇ? ಸುತ್ತ ಎಷ್ಟು ಫ್ಯಾಕ್ಟ್ರಿ ಇದಾವೆ. ನೀನೇ ಅಳೆದು ನೋಡು."

ಒಂದು ಹಗಲೆಲ್ಲ ಕೋಣೆಯಲ್ಲಿ ಅಳೆದೆ. ಸೋಸುಕಾಗದದಲ್ಲಿ ಸಿಕ್ಕಿದ್ದು ಅತ್ಯಲ್ಪ. ಆವಿ ಹಿಡಿಯಲು ಇಟ್ಟ ಚಿನ್ನ ಮಾತ್ರ ಪಾದರಸದಿಂದ ತುಂಬಿಹೋಗಿತ್ತು.

"ದೂಳೇ ತಾನೆ?" ಅಂದರು ಅಪ್ಪ.

ಹೂಂ ಅಂದುಬಿಡಬಹುದಿತ್ತು. ಆದರೆ ಹಾಗಂದರೆ ಒಲೆ ಅಲ್ಲೇ ಉಳಿಯುತ್ತಿತ್ತು.

"ಅಲ್ಲ ಅಪ್ಪ, ಆವಿ. ನಮ್ಮ ಒಲೇದೇ."

ಅವರು ಗೋಡೆಗೊರಗಿ ಕೂತುಬಿಟ್ಟರು. ಮಾರನೇ ದಿನವೇ ಒಲೆ, ಪಾದರಸದ ಸೀಸೆ ಎಲ್ಲವೂ ಹೊರಗೆ ಹೋದವು. ಹೊಗೆ ಜಾಸ್ತಿ ಅಂತ ಅಮ್ಮನಿಗೆ ನೆಪ ಹೇಳಿದೆವು. ನಿಜ ಹೇಳುವ ಧೈರ್ಯ ಇಬ್ಬರಿಗೂ ಇಲ್ಲ.

ಈಗ ಅಪ್ಪನೇ ಲೋಟ ಹಿಡಿದು ಅವಳಿಗೆ ಕುಡಿಸುತ್ತಾರೆ. "ಈ ವಯಸ್ಸಲ್ಲಿ ನಿಮ್ಮಪ್ಪಂಗೆ ನನ್ ಮೇಲೆ ಎಷ್ಟು ಪ್ರೀತಿ ಬಂದ್ಬಿಟ್ಟಿದೆ ನೋಡೇ" ಅಂತ ಅಮ್ಮ ನಗುತ್ತಾಳೆ. ಅಪ್ಪ ತಲೆ ಎತ್ತುವುದಿಲ್ಲ.