ಉರಿಯದೆ ಕಪ್ಪಾಗಬೇಕಾದ ನೂಲು

ಕಾರ್ಖಾನೆಯವರು ಅವಳನ್ನು ನೂಲಕ್ಕ ಎಂದೇ ಕರೆಯುತ್ತಿದ್ದರು. ಸಂಶೋಧನಾಲಯದ ನೆಲಮಾಳಿಗೆಯಲ್ಲಿ, ಬೀರುವಿನಷ್ಟಿದ್ದ ಒಲೆಯೊಂದರ ಮುಂದೆ ಅರ್ಧ ಆಯಸ್ಸು ಸವೆಸಿ, ಬಿಳಿ ನೂಲನ್ನು ಉಕ್ಕಿಗಿಂತ ಗಟ್ಟಿಯಾದ ಕಾರ್ಬನ್ ಎಳೆಯಾಗಿ ಮಾಡಿದವಳು. ಅದನ್ನೇ ಟನ್‌ಗಟ್ಟಲೆ ಮಾಡಿಕೊಡಿ ಎಂದು ಕಂಪನಿಯೊಂದು ಕರೆದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ತಲೆನೋವು ಶುರುವಾದದ್ದು ಇಲ್ಲಿಗೆ ಬಂದ ಮೇಲೆ. ಲ್ಯಾಬಿನಲ್ಲಿದ್ದದ್ದು ಒಂದು ತೆಳು ಎಳೆ. ಇಲ್ಲಿ ದಪ್ಪ ದಪ್ಪ ಕಟ್ಟುಗಳು ಸಾಲಾಗಿ ಒಲೆಗೆ ಹೋಗುತ್ತಿದ್ದವು. ಈ ನೂಲು ಹಳದಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ಕಪ್ಪಾಗುವಾಗ ತಾನೂ ಶಾಖ ಬಿಡುತ್ತದೆ. ಕಟ್ಟು ದಪ್ಪವಾದರೆ ಆ ಶಾಖಕ್ಕೆ ಹೊರಬರುವ ದಾರಿಯಿಲ್ಲ. ಒಳಗೊಳಗೇ ಏರಿ ಹೊತ್ತಿಕೊಳ್ಳುತ್ತದೆ. ಗಾಳಿ ಹಾಯಿಸಲು ದೊಡ್ಡ ಫ್ಯಾನ್ ಬೇಕೆಂದು ಕೇಳಿ ಕೇಳಿ ಅವಳ ಬಾಯಿ ಒಣಗಿತು. ಮ್ಯಾನೇಜರ್ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ವಿಮಾನದ ರೆಕ್ಕೆ ಮಾಡುವವರು ನೋಡಲು ಬಂದ ದಿನ ಅವನು ಯಂತ್ರದ ವೇಗ ಏರಿಸಿ, ಅದಕ್ಕೆ ತಕ್ಕಂತೆ ಒಲೆಯ ಶಾಖವನ್ನೂ ಏರಿಸಿದ.

"ಸರ್, ಬೇಡ. ಹೊತ್ಕೊಳ್ಳುತ್ತೆ."

"ಲ್ಯಾಬಲ್ಲಿ ಆಗಿದ್ದು ಇಲ್ಲಿ ಯಾಕಾಗಲ್ಲ ಮೇಡಂ? ಸುಮ್ನೆ ಹೆದರಿಸ್ಬೇಡಿ."

ಶಾಖ ತೋರಿಸುವ ಮುಳ್ಳು ಸರಸರನೆ ಮೇಲೇರಿತು. ಸೀದ ವಾಸನೆ ಮೂಗಿಗೆ ಬಡಿಯುತ್ತಲೇ ಅವಳು ಅತಿಥಿಗಳನ್ನು ಸರಿಸಿಕೊಂಡು ನುಗ್ಗಿ ಕೆಂಪು ಗುಂಡಿ ಒತ್ತಿದಳು. ಒಲೆ ಆರಿತು, ಮೇಲಿಂದ ನೀರು ಸುರಿಯಿತು, ನೂಲೆಲ್ಲ ಹರಿದು ಮುದ್ದೆಯಾಯಿತು.

"ಬೆಂಕಿ ಎಲ್ರೀ? ತೋರಿಸಿ!" ಮ್ಯಾನೇಜರ್ ಹರಿಹಾಯ್ದ.

ತೋರಿಸಲು ಏನಿತ್ತು? ಹೊತ್ತುವ ಮೊದಲೇ ಆರಿಸಿದ್ದಳಲ್ಲ! ಅತಿಥಿಗಳು ಒದ್ದೆ ಬೂಟು ನೋಡಿಕೊಳ್ಳುತ್ತ ಹೊರಟರು.

ಸಂಜೆ ಅವಳ ಟೈಲರ್ ಗಂಡ ಹೊಲಿಗೆ ಯಂತ್ರದಿಂದ ತಲೆಯೆತ್ತಿ ನಕ್ಕ. "ನನ್ನ ದಾರ ಕಡಿದ್ರೆ ಎಂಜಲು ಹಚ್ಚಿ ಪೋಣಿಸ್ತೀನಿ ಕಣೇ. ನಿಂದು ಕಡಿದ್ರೆ ಊರೆಲ್ಲ ಒದ್ದೆ."

"ನಗ್ಬೇಡಿ, ಮೈ ಉರೀತಿದೆ. ಹೊತ್ಕೊಳ್ಳೋಕೆ ಬಿಟ್ಟಿದ್ರೆ ಆಗ ನಂಬ್ತಿದ್ರು!"

"ಪಕ್ಕದಲ್ಲಿ ಕೆಲಸದವರು ನಿಂತಿದ್ರಲ್ವಾ?"

"ಅದಕ್ಕೇ ಒತ್ತಿದ್ದು," ಎಂದು ಅವಳು ಗೋಡೆಯತ್ತ ಮುಖ ತಿರುಗಿಸಿದಳು.

ಒಲೆ ತೊಳೆದು ಪ್ರತಿ ಎಳೆಯನ್ನೂ ಕೈಯಾರೆ ಪೋಣಿಸುವಷ್ಟರಲ್ಲಿ ಎಲ್ಲರಿಗೂ ಸಾಕೋ ಸಾಕಾಯಿತು. ವಿಮಾನದವರು ಇತ್ತ ತಲೆ ಹಾಕಲಿಲ್ಲ. ಕಟ್ಟು ತೆಳುವಾಗಿಸಿ, ನಿಧಾನ ಓಡಿಸಿದ ಮೇಲೆ ಒಳ್ಳೆಯ ನೂಲೇ ಬಂತು. ಆದರೆ ಬಂದದ್ದು ಸ್ವಲ್ಪ. ಅದೆಲ್ಲ ಮೀನು ಹಿಡಿಯುವ ಗಾಳದ ಕೋಲುಗಳಿಗೆ ಹೋಯಿತು.

"ಗಿರಾಕಿಗಳು ಇನ್ನೂ ಕೇಳ್ತಿದ್ದಾರೆ, ವೇಗ ಜಾಸ್ತಿ ಮಾಡೋಣ," ಎಂದು ಸಭೆಯಲ್ಲಿ ಮ್ಯಾನೇಜರ್ ಮತ್ತೆ ರಾಗ ತೆಗೆದ.

"ಮಾಡಿ. ಆದ್ರೆ ಒಲೆ ಪಕ್ಕ ನೀವೇ ನಿಂತ್ಕೊಳ್ಬೇಕು," ಎಂದಳು.

ಮ್ಯಾನೇಜರ್ ಮುಂದಿನ ವಿಷಯಕ್ಕೆ ಹೋದ. ಫ್ಯಾನ್ ಬರಲಿಲ್ಲ, ವೇಗವೂ ಏರಲಿಲ್ಲ. ನೂಲಕ್ಕ ಹಲ್ಲು ಕಚ್ಚಿಕೊಂಡು ಗಾಳದ ಕೋಲಿಗೇ ನೂಲು ತೆಗೆಯುತ್ತ ಹೋದಳು.