ಶಿಮ್ಲಾಕ್ಕೆ ಹೊರಟು ತೀರ್ಥಹಳ್ಳಿಯಲ್ಲಿ ಇಳಿದದ್ದು

ನಾವು ಮೂವರು ಅಕ್ಕತಂಗಿಯರು. ದೊಡ್ಡಕ್ಕನನ್ನು ತೀರ್ಥಹಳ್ಳಿಗೆ ಕೊಟ್ಟರು, ಸಣ್ಣಕ್ಕನನ್ನು ಹೊಸನಗರಕ್ಕೆ, ನನ್ನನ್ನು ಸಾಗರಕ್ಕೆ. ಒಂದೇ ಜಿಲ್ಲೆಯಲ್ಲಿದ್ದೂ ಮೂವರು ಒಟ್ಟಿಗೆ ಸೇರುತ್ತಿದ್ದುದು ಮದುವೆ, ತಿಥಿಗಳಲ್ಲಿ ಮಾತ್ರ. ಅಲ್ಲಿಯೂ ಒಬ್ಬಳು ಕಾಯಿ ತುರಿಯುತ್ತ, ಇನ್ನೊಬ್ಬಳು ಎಲೆ ಒರೆಸುತ್ತ, ಆಡಬೇಕೆಂದಿದ್ದ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಹಾಗಾಗಿ ಒಂದು ಬೇಸಿಗೆ ರಜೆಯಲ್ಲಿ, ಗಂಡಂದಿರನ್ನು ಬಿಟ್ಟು ನಾವಷ್ಟೇ ಶಿಮ್ಲಾಕ್ಕೆ ಹೋಗಿ ಬರುವುದೆಂದು ನಿಶ್ಚಯ ಮಾಡಿದೆವು.

ತಯಾರಿ ಜೋರಾಗಿಯೇ ನಡೆಯಿತು. ಹೊಸನಗರದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಸಣ್ಣಕ್ಕ ಬಾಗಿಲಿಗೆ ‘ಹಿಮ ನೋಡಲು ಹೋಗಿದ್ದೇನೆ’ ಎಂದು ಬರೆದು ಅಂಟಿಸಿ ಬಂದಳು. ದೊಡ್ಡಕ್ಕ ಸಕ್ಕರೆ ಕಾಯಿಲೆಯ ಭಾವನಿಗೆ ರಾಗಿ ಹಿಟ್ಟು ಎಲ್ಲಿದೆ, ಹಾಗಲಕಾಯಿ ಹೇಗೆ ಹೆಚ್ಚಬೇಕು ಎಂದೆಲ್ಲ ಹೇಳಿಕೊಟ್ಟು, ದೇವರ ಮುಂದೆ ನಿಲ್ಲಿಸಿ ಸಿಹಿ ಮುಟ್ಟುವುದಿಲ್ಲವೆಂದು ಮಾತು ತೆಗೆದುಕೊಂಡು ಬಂದಿದ್ದಳು. ಸಾಗರದಿಂದ ರಾತ್ರಿ ರೈಲು ಹತ್ತುವುದೆಂದು ಇಬ್ಬರೂ ಬೆಳಿಗ್ಗೆಯೇ ನಮ್ಮ ಮನೆಗೆ ಬಂದಿಳಿದರು. ಸ್ವೆಟರು, ಕಾಲುಚೀಲ, ಮಂಕಿ ಕ್ಯಾಪು ಎಲ್ಲವನ್ನೂ ಹಜಾರದ ತುಂಬ ಹರಡಿಕೊಂಡು ಕೂತಿದ್ದಾಗ ಟೂರಿನವರ ಫೋನು ಬಂತು.

“ಅಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದೆ ಮೇಡಂ. ಟ್ರಿಪ್ ಕ್ಯಾನ್ಸಲ್.”

ನಾನು ಫೋನು ಕೆಳಗಿಟ್ಟು ಸುದ್ದಿ ಹೇಳಿದೆ. ಸಣ್ಣಕ್ಕ ಕೈಯಲ್ಲಿದ್ದ ಕಾಲುಚೀಲವನ್ನು ಮಡಿಸಿ ಬದಿಗಿಟ್ಟಳು. ಕೊನೆಗೆ ದೊಡ್ಡಕ್ಕ, “ಗುಡ್ಡ ಕುಸಿಯೋದು ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು ಮಾರಾಯ್ತಿ? ಮಳೆಗಾಲದಲ್ಲಿ ನಮ್ಮ ಘಾಟಿಯಲ್ಲೇ ಕುಸೀತದಲ್ಲ” ಎಂದಳು. ನಮ್ಮನ್ನು ನಗಿಸಲೆಂದು ಹೇಳಿದ ಮಾತು. ಆದರೆ ಅವಳ ದನಿಯೇ ಒಡೆದಿತ್ತು.

ಅಷ್ಟರಲ್ಲಿ ನಮ್ಮ ಮನೆಯವರು ಒಳಗಿನಿಂದ ಬಂದು, ವಿಷಯ ತಿಳಿದು, “ಛೆ ಛೆ” ಎಂದು ಮರುಗಿದರು. ಮರುಗಿದವರು ಸುಮ್ಮನೆ ಹೋಗಬಹುದಿತ್ತು. “ಹಾಗಾದ್ರೆ ಮಧ್ಯಾಹ್ನಕ್ಕೆ ಎಂತ ಅಡಿಗೆ?” ಎಂದು ಕೇಳಿಬಿಟ್ಟರು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದೊಡ್ಡಕ್ಕ ಎದ್ದು ಸೂಟ್‌ಕೇಸಿನ ಮುಚ್ಚಳ ಹಾಕಿದಳು. “ನಡೀರಿ. ಎಲ್ಲಿಗಾದ್ರೂ ಹೋಗುವ. ಮನೆಗೆ ಮಾತ್ರ ಬ್ಯಾಡ.”

ಎಲ್ಲಿಗೆ ಎಂಬುದಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಚರ್ಚೆಯಾಯಿತು. ವರದಹಳ್ಳಿ ಎಂದೆ ನಾನು. ಅಲ್ಲಿ ಗುರುತಿನವರು ಸಿಕ್ಕಿ ಶಿಮ್ಲಾ ಏನಾಯಿತೆಂದು ಕೇಳುತ್ತಾರೆ ಎಂದರು ಅಕ್ಕಂದಿರು. ಕಾರ್ಗಲ್ ಎಂದೆ. ಅಲ್ಲಿ ಸಣ್ಣಕ್ಕನ ನಾದಿನಿ ಇದ್ದಾಳೆ, ಹೋದರೆ ಅವಳ ಅಡುಗೆಮನೆಯಲ್ಲೂ ಸೌಟು ಹಿಡಿಯಬೇಕು. ಆಗ ದೊಡ್ಡಕ್ಕ ಸ್ವಲ್ಪ ನಾಚಿಕೊಂಡು ಹೇಳಿದಳು: “ನಮ್ಮೂರಲ್ಲಿ ಹೊಳೆ ಎದುರಿಗೆ ಒಂದು ಲಾಡ್ಜ್ ಉಂಟಲ್ಲ. ಸಂತೆಗೆ ಹೋಗುವಾಗೆಲ್ಲ ಅದರ ಬಾಲ್ಕನಿ ನೋಡ್ತೀನಿ. ಅಲ್ಲಿ ಕೂತು, ಬೇರೆಯವರು ಮಾಡಿದ ಕಾಫಿ ಕುಡೀಬೇಕು ಅಂತ ಬಾಳ ಆಸೆ ನಂಗೆ.”

ಆಸೆ ಎಂದು ಅಕ್ಕ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸು ಹತ್ತಿದೆವು.

ಬಸ್ಸು ಹೊಸನಗರ ಮುಟ್ಟುವ ಮೊದಲೇ ಸಣ್ಣಕ್ಕನಿಗೆ ಚಡಪಡಿಕೆ ಶುರುವಾಯಿತು. ಊರಿಗೆಲ್ಲ ಡಂಗುರ ಸಾರಿ ಹೊರಟವಳು, ಸಂಜೆಯೊಳಗೆ ಅದೇ ಸ್ಟ್ಯಾಂಡಿನಲ್ಲಿ ಕಂಡರೆ? ಚೀಲದಿಂದ ಮಂಕಿ ಕ್ಯಾಪು ತೆಗೆದು ಹಾಕಿಕೊಂಡಳು. ಮೇ ತಿಂಗಳ ಸೆಖೆ! ಕಂಡಕ್ಟರು ಗಾಬರಿಯಿಂದ, “ಅಮ್ಮನಿಗೆ ಚಳಿಜ್ವರವಾ?” ಎಂದು ಕೇಳಿ ಟಿಕೆಟನ್ನು ದೂರದಿಂದಲೇ ಚಾಚಿದ.

ಹೊಸನಗರದಲ್ಲಿ ಒಬ್ಬ ಹೆಂಗಸು ಹತ್ತಿ ನೇರ ಬಂದು ಸಣ್ಣಕ್ಕನ ಪಕ್ಕದಲ್ಲೇ ಕೂತಳು. ಆಚೆ ಬದಿಯ ಸೀಟಿನಲ್ಲಿದ್ದ ನನ್ನೊಡನೆ ಮಾತಿಗೆ ತೊಡಗಿದಳು. ತೀರ್ಥಹಳ್ಳಿಗೆ, ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದಳಂತೆ. ಅದಕ್ಕೆಂದೇ ಹೊಲಿಸಿದ ರವಿಕೆ ತೋಳಿನ ಮೇಲೆ ಏರುವುದೇ ಇಲ್ಲವಂತೆ.

“ಸರಿ ಮಾಡಿಸಾಣ ಅಂತ ಹೋದ್ರೆ ಆಯಮ್ಮ ಅಂಗಡಿಗೆ ಬೀಗ ಹಾಕಿ ಹಿಮ ನೋಡೋಕೆ ಹೋಗಿದಾಳೆ! ಹೊಲಿಗೆ ನೆಟ್ಟಗಿಲ್ಲ, ಹಿಮ ಬೇಕಂತೆ.”

ಮಂಕಿ ಕ್ಯಾಪು ಕಿಟಕಿಯ ಕಡೆ ತಿರುಗಿತು. ನಾನು “ಹೌದಾ, ಹೌದಾ” ಎನ್ನುತ್ತ ತುಟಿ ಕಚ್ಚಿ ಕೂತೆ. ಹಿಂದಿನ ಸೀಟಿನಲ್ಲಿದ್ದ ದೊಡ್ಡಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಆ ಹೆಂಗಸು ಬಿಡಲಿಲ್ಲ. “ಅಳತೆ ತಗೊಳ್ಳೋಕೇ ಬರಲ್ಲ ಅವಳಿಗೆ” ಎಂದಳು.

ಕ್ಯಾಪು ಹಾರಿತು. ಬೆವರಿ ಕೆಂಪಾದ ಮುಖದ ಸಣ್ಣಕ್ಕ, “ಅಳತೆ ಸರಿಯಾಗೇ ತಗೊಂಡಿದೀನಿ! ಎರಡು ತಿಂಗಳು ರವಿಕೆ ಒಯ್ಯದೆ ಹಲಸಿನಹಣ್ಣು ತಿಂದು ದಪ್ಪ ಆದೋರು ನೀವು!” ಎಂದು ಕೂಗಿದಳು.

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಆ ಹೆಂಗಸು ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಸಣ್ಣಕ್ಕನಿಗೂ ನಗು ತಡೆಯಲಾಗಲಿಲ್ಲ. ಮುಂದಿನ ದಾರಿಯಲ್ಲಿ ನಡೆದದ್ದೇ ಬೇರೆ. ಸಣ್ಣಕ್ಕ ಕೈಚೀಲದಿಂದ ಪುಟ್ಟ ಕತ್ತರಿ ತೆಗೆದು, ಕುಲುಕುವ ಬಸ್ಸಿನಲ್ಲೇ ಆ ರವಿಕೆಯ ತೋಳಿನ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿಟ್ಟಿದ್ದ ಹೆಚ್ಚಿನ ಬಟ್ಟೆಯನ್ನು ಹೊರಗೆ ಬಿಡಿಸಿ ಸೂಜಿದಾರದಲ್ಲಿ ಹೊಲಿದುಕೊಟ್ಟಳು. “ನೀವು ಇಲ್ಲಿರೋದು ಯಾರಿಗೂ ಹೇಳಲ್ಲ” ಎಂದು ಆ ಹೆಂಗಸು ಆಣೆ ಮಾಡಿ ಇಳಿದುಹೋದಳು. ಹೊಸನಗರಕ್ಕೆ ಸುದ್ದಿ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಲಾಡ್ಜಿನಲ್ಲಿ ಮ್ಯಾನೇಜರು ಗುರುತಿನ ಚೀಟಿ ಕೇಳಿದರು. ದೊಡ್ಡಕ್ಕ ಆಧಾರ್ ಕಾರ್ಡು ಕೊಟ್ಟಳು. ಅವರು ಅದನ್ನು ನೋಡಿ, ಅವಳನ್ನು ನೋಡಿ, ಮತ್ತೆ ಕಾರ್ಡು ನೋಡಿದರು.

“ಅಮ್ಮಾ, ನಿಮ್ಮನೆ ಇಲ್ಲೇ ಹಿಂದಿನ ಬೀದಿಯಲ್ಲಿ ಅಲ್ವಾ?”

“ಹೌದು. ಅದಕ್ಕೇ ರೂಮು ಬೇಕು.”

ಅವರು ಹೆಸರು ಬರೆದುಕೊಂಡು ಬೀಗದಕೈ ಕೊಟ್ಟರು. ಆ ಸಂಜೆ ಬಾಲ್ಕನಿಯಲ್ಲಿ ಕೂತು, ಬೇಸಿಗೆಗೆ ಬಂಡೆಗಳನ್ನೆಲ್ಲ ಹೊರಗೆ ಹಾಕಿಕೊಂಡು ಸಣ್ಣಗೆ ಹರಿಯುತ್ತಿದ್ದ ತುಂಗೆಯನ್ನು ನೋಡುತ್ತ ಕಾಫಿ ಕುಡಿದೆವು. ಕಾಫಿ ಆರಿತ್ತು, ಸಕ್ಕರೆಯೂ ಹೆಚ್ಚಾಗಿತ್ತು. ದೊಡ್ಡಕ್ಕ ಕಣ್ಣು ಮುಚ್ಚಿ ಗುಟುಕುಗುಟುಕಾಗಿ ಕುಡಿದು, ಇನ್ನೊಂದು ತರಿಸಿದಳು. ಎಲ್ಲೆಲ್ಲೋ ಅರ್ಧಕ್ಕೆ ನಿಂತಿದ್ದ ಮಾತುಗಳೆಲ್ಲ ಅಲ್ಲಿ ಮುಂದುವರಿದವು.

ಮರುದಿನ ಬೆಳಿಗ್ಗೆ ತಿಂಡಿಗೆಂದು ಹತ್ತಿರದ ಹೋಟೆಲಿಗೆ ಹೋದೆವು. ಮೂಲೆಯ ಮೇಜಿನಲ್ಲಿ ನಮಗೆ ಬೆನ್ನು ಹಾಕಿ ಒಬ್ಬರು ಕೂತಿದ್ದರು. ಆ ಬೋಳುತಲೆಯನ್ನು ಮೂವರೂ ಏಕಕಾಲಕ್ಕೆ ಗುರುತಿಸಿದೆವು. ಭಾವ. ಎದುರಿಗೆ ಖಾಲಿಯಾದ ಮಸಾಲೆ ದೋಸೆಯ ತಟ್ಟೆ, ಪಕ್ಕದಲ್ಲಿ ಬಟ್ಟಲಿನಲ್ಲಿ ಎರಡು ಜಾಮೂನು.

ದೊಡ್ಡಕ್ಕ ಸದ್ದಿಲ್ಲದೆ ಹೋಗಿ ಎದುರಿನ ಕುರ್ಚಿಯಲ್ಲಿ ಕೂತಳು. ಭಾವನ ಚಮಚ ಗಾಳಿಯಲ್ಲೇ ನಿಂತಿತು.

“ನೀನು... ಶಿಮ್ಲಾ?” ಎಂದರು ಭಾವ.

“ನೀವು... ಹಾಗಲಕಾಯಿ?” ಎಂದಳು ಅಕ್ಕ.

ಇನ್ನು ಮುಗಿಯಿತು ಎಂದುಕೊಂಡು ನಾನೂ ಸಣ್ಣಕ್ಕನೂ ಕಂಬದ ಮರೆಗೆ ಸರಿದೆವು. ಆದರೆ ಅಕ್ಕ ಕೂಗಾಡಲಿಲ್ಲ. ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಎರಡೂ ಜಾಮೂನನ್ನು ನಿಧಾನವಾಗಿ ತಿಂದಳು. ಭಾವ ಒಂದೊಂದು ತುತ್ತನ್ನೂ ಕಣ್ಣಲ್ಲೇ ಹಿಂಬಾಲಿಸಿದರು. ಕೊನೆಗೆ ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡು, “ಸರಿ, ಮನೆಗೆ ನಡಿ ಹಾಗಾದ್ರೆ” ಎಂದರು.

“ಹೆಂಗೆ ಬರ್ಲಿ? ನಾನು ಪ್ರವಾಸದಲ್ಲಿದೀನಿ.”

ಭಾವ ತಲೆ ಕೆರೆದುಕೊಂಡರು. ಆಮೇಲೆ, ನೆಂಟರನ್ನು ಕರೆಯುವ ದನಿಯಲ್ಲಿ, “ಹಾಗಾದ್ರೆ ನಾಳೆ ಮಧ್ಯಾಹ್ನ ಮೂವರೂ ನಮ್ಮನೆಗೆ ಊಟಕ್ಕೆ ಬನ್ನಿ” ಎಂದರು.

ಬಾಳೆಹಣ್ಣು ಹಿಡಿದುಕೊಂಡು ಹೋದೆವು. ದೊಡ್ಡಕ್ಕ ತನ್ನದೇ ಮನೆಯ ಜಗಲಿಯ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಳು. ಒಳಗೆ ಪಾತ್ರೆಯೊಂದು ದಢಾರನೆ ಬಿತ್ತು. ಅವಳು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು, ಏಳಲಿಲ್ಲ. ಸೀದ ಒಗ್ಗರಣೆಯ ಹೊಗೆ ಬಂತು. ಆಗಲೂ ಏಳಲಿಲ್ಲ. ಭಾವನೇ ಎಲೆ ಹಾಕಿ ಬಡಿಸಿದರು. ಸಾರಿಗೆ ಉಪ್ಪಿರಲಿಲ್ಲ, ಹಾಗಲಕಾಯಿ ಪಲ್ಯದಲ್ಲಿ ಬೀಜಗಳೆಲ್ಲ ಹಾಗೇ ಇದ್ದವು. ಎದುರಿಗೆ ಸೌಟು ಹಿಡಿದು ನಿಂತು, “ಹೆಂಗಿದೆ?” ಎಂದು ಕೇಳಿದರು.

ದೊಡ್ಡಕ್ಕ ತಲೆಯೆತ್ತಿ ಅವರನ್ನು ನೋಡಿದಳು. “ಇನ್ನು ಸ್ವಲ್ಪ ಸಾರು ಹಾಕಿ” ಎಂದಳು.

ಊಟವಾದ ಮೇಲೆ ಭಾವ ವೀಳ್ಯದೆಲೆಯ ತಟ್ಟೆ ಮುಂದಿಟ್ಟರು. ನಾವು ಹೊರಟಾಗ ಗೇಟಿನ ತನಕ ಕಳಿಸಿಕೊಡಲು ಬಂದರು. ಎದುರುಮನೆಯವರು ಕಿಟಕಿಯಿಂದ ನೋಡುತ್ತಲೇ ಇದ್ದರು.

“ಮತ್ತೆ ಯಾವಾಗ ಬರೋದು ನಮ್ಮನೆಗೆ?” ಎಂದರು ಭಾವ.

“ರೂಮು ಖಾಲಿ ಮಾಡಿದ ಮೇಲೆ” ಎಂದು ದೊಡ್ಡಕ್ಕ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಳು.