ಮೂಳೆ ತುಂಡು ನನ್ನ ತಟ್ಟೆಗೆ

ಯಜಮಾನರ ಬೀಡಿ ಬಿಡಿಸಿದ್ದು ನಾನು. ಮತ್ತೆ ಅವರ ಕೈಗೆ ಕೊಟ್ಟಿದ್ದೂ ನಾನೇ.

ಬಿಡಿಸುವುದಕ್ಕೇನು ಕಮ್ಮಿ ರಂಪ ಮಾಡಿದೆನೇ! ಮಾತು ಬಿಟ್ಟೆ, ಊಟ ಬಿಟ್ಟೆ, ಕೊನೆಗೆ ಮನೆದೇವರ ಮೇಲೆ ಆಣೆ ಹಾಕಿಸಿದೆ. ಪಾಪ, ನಿಲ್ಲಿಸಿದರು. ಆದರೆ ಸ್ವಲ್ಪ ದಿನಕ್ಕೇ ಹಲ್ಲುಜ್ಜುವಾಗ ಉಗುಳಿನಲ್ಲಿ ರಕ್ತ ಕಂಡಿತು. ಸೇದುತ್ತಿದ್ದ ಅಷ್ಟು ವರ್ಷ ಒಂದು ತೊಟ್ಟೂ ಬಂದಿರಲಿಲ್ಲ.

"ಮೈಗೆ ಒಗ್ಗಿದ್ದನ್ನ ಒಂದೇ ಸಲ ಬುಡಿಸ್ಬುಟ್ಟೆ, ನೋಡು ಎಂಗಾಗದೆ" ಅಂದರು ಅತ್ತೆ.

ಅತ್ತೆ ಮಾತಿಗೆ ನಾನು ತಲೆಯಾಡಿಸುವುದೇ ಅಪರೂಪ. ಅವತ್ತು ಆಡಿಸಿದೆ. ದೇವರಿಗೆ ತಪ್ಪುಕಾಣಿಕೆ ಕಟ್ಟಿ, ಹಳೇಕೋಟೆ ಅಂಗಡಿಯಿಂದ ಒಂದು ಕಟ್ಟು ಬೀಡಿ ತಂದು ಅವರ ಮುಂದಿಟ್ಟೆ. ರಕ್ತ ನಿಂತಿತು. ಡಾಕ್ಟರ ಖರ್ಚಿಲ್ಲದೆ ವಾಸಿ ಮಾಡಿದೆ ಅಂತ ಬೀಗಿದ್ದೇ ಬೀಗಿದ್ದು.

ಆಮೇಲೆ ಭಾನುವಾರದ ಬಾಡಿನೂಟದಲ್ಲಿ ಮೂಳೆ ತುಂಡೆಲ್ಲ ನನ್ನ ತಟ್ಟೆಗೆ ಬರತೊಡಗಿತು. "ತಿನ್ನು, ನಿಂಗಿಷ್ಟ ಅಲ್ವಾ" ಅನ್ನೋರು ಇವರು. ಈ ವಯಸ್ಸಿನಲ್ಲಿ ಪ್ರೀತಿ ಉಕ್ಕಿದೆ ಅಂದುಕೊಂಡೆ, ಪೆದ್ದಿ. ನಮ್ಮ ಕಡೆ ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ನುಂಗುವುದು, ಅಗಿದರೆ ನಗುತ್ತಾರೆ. ಮುದ್ದೆ ಉಣ್ಣುವವನ ಹಲ್ಲು ಅಲ್ಲಾಡುತ್ತಿದ್ದರೆ ಹೆಂಡತಿಗಾದರೂ ಹೇಗೆ ತಿಳಿಯಬೇಕು?

ಒಂದು ದಿನ ಸೀಬೆಹಣ್ಣು ಕಚ್ಚಿದರು. ಮುಂದಿನ ಹಲ್ಲು ಹಣ್ಣಿನಲ್ಲೇ ಉಳಿಯಿತು.

ಹಾಸನದ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಸಡು ಒಳಗೊಳಗೇ ಕೊಳೆತು ಹಲ್ಲಿನ ಬುಡದ ಮೂಳೆ ಕರಗಿದೆ, ಇನ್ನೂ ಕೆಲವು ಹಲ್ಲು ಕೀಳಬೇಕು ಅಂದಳು. "ಹೊಗೆ ಒಸಡಿನ ರಕ್ತನಾಳ ಬಿಗಿ ಮಾಡುತ್ತೆ. ರೋಗ ಇದ್ದರೂ ರಕ್ತ ಕಾಣಲ್ಲ. ಬೀಡಿ ಬಿಟ್ಟಾಗ ಕಂಡಿತಲ್ಲ, ಆಗಲೇ ಬಂದಿದ್ದರೆ ಎಷ್ಟೋ ಹಲ್ಲು ಉಳೀತಿದ್ವು. ಬಿಟ್ಟವರು ಮತ್ತೆ ಯಾಕೆ ಶುರು ಮಾಡಿದ್ರಿ?"



"ಚಟ ಕಣವ್ವ. ನಂದೇ ತಪ್ಪು" ಅಂದರು ಇವರು, ನನ್ನ ಕಡೆ ನೋಡದೆ. ಊರಲ್ಲೆಲ್ಲ ಬಾಯಿಬಡುಕಿ ಅನ್ನಿಸಿಕೊಂಡವಳು, ಅಲ್ಲಿ ಮೂಗಿಯ ಹಾಗೆ ಕೂತಿದ್ದೆ.

ಈ ಸಲ ಆಣೆಯಿಲ್ಲದೆ ಅವರೇ ಬೀಡಿ ಬಿಟ್ಟಿದ್ದಾರೆ. ಭಾನುವಾರ ಬಾಡನ್ನು ಮೆತ್ತಗೆ ಬೇಯಿಸಿ, ಮೂಳೆಯಿಂದ ಬಿಡಿಸಿ ಬಡಿಸುತ್ತೇನೆ. ಅವರು ಮಾತ್ರ ಈಗಲೂ ಪಾತ್ರೆಯಲ್ಲಿ ಮೂಳೆ ಹುಡುಕಿ ನನ್ನ ತಟ್ಟೆಗೆ ಹಾಕುತ್ತಾರೆ. "ನಿನ್ನ ಹಲ್ಲು ಗಟ್ಟಿ ಅವೆ, ತಿನ್ನು" ಅಂತಾರೆ. ಒಂದು ದಿನವೂ ಬೈದಿಲ್ಲ. ಒಮ್ಮೆ ಬೈದುಬಿಡಬಾರದೇ ಅಂದುಕೊಳ್ಳುತ್ತಾ ಕಡಿಯುತ್ತೇನೆ.